ನಾಯಿ ಕಚ್ಚಿಕೊಂಡು ಹೋದ ಚೆಂಡು, ಭಾವನ ಹಟ ಮತ್ತು ಕೊಡಗಿನ ಮೂರು ದಿನ

ಪ್ರಶ್ನೆ: ನಾವು ಬೆಂಗಳೂರಿನ ಎಂಟು ಜನ, ವಾರಕ್ಕೊಮ್ಮೆ ಗಾಲ್ಫ್ ಆಡುತ್ತೇವೆ. ಎಲ್ಲರ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಸ್ಕೋರ್‌ನಿಂದ ಕಳೆಯುವ ಹೊಡೆತಗಳ ಲೆಕ್ಕ) 14ರಿಂದ 28ರ ಒಳಗೆ. ಹೋದ ಡಿಸೆಂಬರ್‌ನಲ್ಲಿ ಕೊಡಗಿಗೆ ಹೋಗಿದ್ದೆವು, ಆಟಕ್ಕಿಂತ ಜಗಳವೇ ಜಾಸ್ತಿ ಆಯಿತು. ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಮಧ್ಯೆ ಇದ್ದ ನನ್ನ ಚೆಂಡನ್ನು ನಾಯಿ ಕಚ್ಚಿಕೊಂಡು ಕಾಫಿ ತೋಟದೊಳಗೆ ಓಡಿತು. ನಾನು ಅಲ್ಲೇ ಇನ್ನೊಂದು ಚೆಂಡು ಡ್ರಾಪ್ ಮಾಡಿ, ಅಂದರೆ ಕೈಯಿಂದ ಬೀಳಿಸಿ, ಆಡಿದೆ. ನಮ್ಮ ಭಾವ 'ಅದು ಲಾಸ್ಟ್ ಬಾಲ್, ಮೊದಲು ಹೊಡೆದ ಜಾಗಕ್ಕೆ ಹಿಂದೆ ಹೋಗು' ಅಂದರು. ಮುಂದೆ ಅವರೇ ಟೀಯಿಂದ (ಹೋಲ್ ಶುರು ಮಾಡುವ ಜಾಗ) ಎರಡನೇ ಚೆಂಡು ಹೊಡೆದು, ಮೊದಲನೆಯದು ಸಿಕ್ಕಿದ ಮೇಲೆ ಅದನ್ನೇ ಆಡಿದರು. ಇನ್ನೊಬ್ಬ ಗೆಳೆಯ ಲಂಟಾನ ಪೊದೆಗೆ ಬಿದ್ದ ಚೆಂಡಿಗೆ 'ಇಲ್ಲಿ ಹಾವಿರುತ್ತೆ' ಅಂತ ಫ್ರೀ ಡ್ರಾಪ್ ತಗೊಂಡ. ಕೆಸರಿನಲ್ಲಿ ಹೂತುಹೋದ ಚೆಂಡಿನ ಗಲಾಟೆ ಬೇರೆ. ಬರುವ ನವೆಂಬರ್‌ನಲ್ಲಿ ಮತ್ತೆ ಮೂರು ದಿನಕ್ಕೆ ಹೊರಟಿದ್ದೇವೆ. ಯಾರು ಸರಿ, ಯಾರು ತಪ್ಪು? ಈ ಸಲ ಹೇಗೆ ಪ್ಲಾನ್ ಮಾಡೋದು?

ಉತ್ತರ: ಮೊದಲು ತೀರ್ಪು ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಪ್ರವಾಸದ ಭಾಗ ನೀವು ಓದುವುದಿಲ್ಲ. ನಾಯಿ ವಿಷಯದಲ್ಲಿ ನೀವು ಮುಕ್ಕಾಲು ಪಾಲು ಸರಿ. ಎರಡನೇ ಚೆಂಡಿನ ವಿಷಯದಲ್ಲಿ ಭಾವ ಪೂರ್ತಿ ತಪ್ಪು. ಹಾವಿನ ಗೆಳೆಯನೂ ತಪ್ಪು, ಆದರೆ ಅವನ ಜಾಣತನ ನನಗೆ ಇಷ್ಟವಾಯಿತು.

ನಾಯಿ ಇರಲಿ, ಕಾಗೆ ಇರಲಿ, ಕೋತಿ ಇರಲಿ, ನಿಂತಿದ್ದ ಚೆಂಡನ್ನು ಅದು ಎತ್ತಿಕೊಂಡು ಹೋದರೆ ಪೆನಾಲ್ಟಿ, ಅಂದರೆ ದಂಡದ ಹೊಡೆತ, ಇಲ್ಲ. ಚೆಂಡು ಮೊದಲಿದ್ದ ಜಾಗಕ್ಕೇ ವಾಪಸ್ ಬರಬೇಕು. ಅದೇ ಚೆಂಡು ಸಿಗದಿದ್ದರೆ ಬೇರೆ ಚೆಂಡು ಸಾಕು. ಜಾಗ ಕರಾರುವಾಕ್ಕಾಗಿ ಗೊತ್ತಿಲ್ಲದಿದ್ದರೆ ಅಂದಾಜು ಮಾಡಬೇಕು. ಇದು 9.6ನೇ ರೂಲ್. ಆದರೆ ಒಂದು ಷರತ್ತಿದೆ. ನಾಯಿಯೇ ತಗೊಂಡು ಹೋಯಿತು ಅನ್ನುವುದು ಗೊತ್ತಿರಬೇಕು, ಅಥವಾ ಹೆಚ್ಚುಕಡಿಮೆ ಖಚಿತವಾಗಿರಬೇಕು. ಹೆಚ್ಚುಕಡಿಮೆ ಅಂದರೆ ಎಷ್ಟು? ಶೇಕಡಾ 95 ಅಂತ ರೂಲ್ಸ್ ಪುಸ್ತಕವೇ ಹೇಳುತ್ತದೆ. ನೀವು ಕಣ್ಣಾರೆ ನೋಡಿದ್ದೀರಿ, ಹಾಗಾಗಿ ತಕರಾರಿಲ್ಲ. ಯಾರೂ ನೋಡದೆ 'ಇಲ್ಲೇ ಇತ್ತು, ಆ ನಾಯಿ ಅಲ್ಲೇ ಓಡಾಡ್ತಿತ್ತು, ಅದೇ ತಗೊಂಡಿರಬೇಕು' ಅಂದಿದ್ದರೆ ಭಾವನ ಮಾತೇ ಗೆಲ್ಲುತ್ತಿತ್ತು.

ಹಾಗಾದರೆ ಮುಕ್ಕಾಲು ಪಾಲು ಯಾಕೆ ಅಂದೆ? ನೀವು ಡ್ರಾಪ್ ಮಾಡಿದಿರಿ. ಇಲ್ಲಿ ಡ್ರಾಪ್ ಇಲ್ಲ. ಚೆಂಡನ್ನು ಕೈಯಿಂದ ಆ ಜಾಗದಲ್ಲಿ ಇಡಬೇಕು. ಬೀಳಿಸಿ ಆಡಿದ್ದಕ್ಕೆ ನಿಮಗೆ ಕನಿಷ್ಠ ಒಂದು ಪೆನಾಲ್ಟಿ ಬರುತ್ತಿತ್ತು. ಭಾವನಿಗೆ ಇದನ್ನು ಹೇಳುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು.

ಅಂದಹಾಗೆ, 'ಕೋತಿ ಎಲ್ಲಿ ಬೀಳಿಸುತ್ತೋ ಅಲ್ಲಿಂದಲೇ ಆಡಬೇಕು' ಅನ್ನೋ ಹಳೇ ಕಲ್ಕತ್ತಾದ ಕಥೆಯೊಂದು ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಜೀವನದ ಪಾಠವಾಗಿ ಚೆನ್ನಾಗಿದೆ. ಈಗಿನ ರೂಲ್ ಪ್ರಕಾರ ಅಲ್ಲಿಂದ ಆಡಿದರೆ ತಪ್ಪು ಜಾಗದಿಂದ ಆಡಿದ ಹಾಗೆ, ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಎರಡು ಪೆನಾಲ್ಟಿ.

ಈಗ ಭಾವನ ಕಡೆ ಬರೋಣ. ಟೀಯಿಂದ ಹೊಡೆದ ಚೆಂಡು ತೋಟದ ಕಡೆ ತಿರುಗಿತು. ಅವರು ಜೇಬಿಂದ ಇನ್ನೊಂದು ತೆಗೆದರು. ಏನು ಹೇಳಿದರು ಅನ್ನುವುದೇ ಇಲ್ಲಿ ಮುಖ್ಯ. 'ಪ್ರೊವಿಷನಲ್' (ಮೊದಲನೆಯದು ಸಿಗದಿದ್ದರೆ ಮಾತ್ರ ಲೆಕ್ಕಕ್ಕೆ ಬರುವ ತಾತ್ಕಾಲಿಕ ಚೆಂಡು) ಅನ್ನುವ ಶಬ್ದ ಬಾಯಿಂದ ಬರಬೇಕು, ಅಥವಾ ಅದೇ ಅರ್ಥ ಅನುಮಾನವಿಲ್ಲದೆ ಗೊತ್ತಾಗಬೇಕು, ಅದೂ ಹೊಡೆಯುವ ಮೊದಲು. 'ತಡೀರಿ, ಇನ್ನೊಂದು ಹೊಡೀತೀನಿ' ಅಂದರೆ ಸಾಲದು. ಏನೂ ಹೇಳದೆ ಹೊಡೆದರಂತೂ ಮುಗಿದೇ ಹೋಯಿತು. ಎರಡನೇ ಚೆಂಡು ಟೀ ಬಿಟ್ಟ ಕ್ಷಣದಿಂದ ಅದೇ ಆಟದ ಚೆಂಡು. ಮೊದಲನೆಯದು ಫೇರ್‌ವೇ ನಡುವೆ ಹಣತೆ ಇಟ್ಟ ಹಾಗೆ ಹೊಳೆಯುತ್ತಾ ಕೂತಿದ್ದರೂ ಲೆಕ್ಕಕ್ಕಿಲ್ಲ. ಎಣಿಕೆ ಹೀಗೆ: ಮೊದಲ ಹೊಡೆತ ಒಂದು, ಪೆನಾಲ್ಟಿ ಸೇರಿ ಎರಡು, ಟೀಯಿಂದ ಎರಡನೇ ಸಲ ಹೊಡೆದದ್ದು ಮೂರು. ಮುಂದಿನದು ನಾಲ್ಕನೇ ಹೊಡೆತ. ಸಿಕ್ಕಿದ ಹಳೇ ಚೆಂಡನ್ನು ಆಡಿದರೆ ಅದು ರಾಂಗ್ ಬಾಲ್, ಅದಕ್ಕೆ ಇನ್ನೆರಡು ಪೆನಾಲ್ಟಿ, ಮೇಲೆ ಸರಿಯಾದ ಚೆಂಡಿಗೆ ಹೋಗಿ ಆಟ ಸರಿಪಡಿಸಬೇಕು. ಸರಿಪಡಿಸದೆ ಮುಂದಿನ ಟೀಯಲ್ಲಿ ಹೊಡೆದರೆ ಸ್ಟ್ರೋಕ್ ಪ್ಲೇಯಲ್ಲಿ ಆಟದಿಂದಲೇ ಹೊರಗೆ. ಪ್ರತಿ ಹೋಲ್‌ಗೆ ಪಾಯಿಂಟ್ ಕೊಡುವ ಸ್ಟೇಬಲ್‌ಫೋರ್ಡ್ ಆದರೆ ಆ ಹೋಲ್‌ಗೆ ಸೊನ್ನೆ.

ಮೂರು ನಿಮಿಷದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2019ಕ್ಕೆ ಮೊದಲು ಚೆಂಡು ಹುಡುಕಲು ಐದು ನಿಮಿಷ ಇತ್ತು, ಈಗ ಮೂರೇ. ಗಡಿಯಾರ ಶುರುವಾಗುವುದು ನೀವು ಹುಡುಕಲು ಶುರು ಮಾಡಿದಾಗ ಮಾತ್ರ ಅಲ್ಲ, ನಿಮ್ಮ ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ) ಮುಂದೆ ಹೋಗಿ ಹುಡುಕಲು ಶುರು ಮಾಡಿದರೂ ಅಲ್ಲಿಂದಲೇ ಎಣಿಕೆ. ಕಾಫಿ ಗಿಡದ ಬುಡದಲ್ಲಿ ಮೂರು ನಿಮಿಷ ಹೇಗೆ ಹೋಗುತ್ತೆ ಅಂತ ನಿಮಗೆ ಗೊತ್ತಲ್ವಾ? ಅದಕ್ಕೇ ತೋಟದ ಕಡೆ ಹೋದ ಪ್ರತಿ ಚೆಂಡಿಗೂ ಜೋರಾಗಿ 'ಪ್ರೊವಿಷನಲ್' ಅಂದು ಇನ್ನೊಂದು ಹೊಡೆಯಿರಿ. ಹಾಂ, ಚೆಂಡು ಕೆಂಪು ಗೂಟದೊಳಗಿನ (ಅಂದರೆ ಪೆನಾಲ್ಟಿ ಏರಿಯಾ ಅಂತ ಗುರುತಿಸಿದ) ಕೆರೆಗೆ ಬಿದ್ದಿರುವುದು ಖಚಿತವಾದರೆ ಪ್ರೊವಿಷನಲ್ ಹೊಡೆಯುವ ಹಾಗಿಲ್ಲ, ಅದರ ದಾರಿ ಬೇರೆ.

ಹಾವು. ವಿಷದ ಹಾವು, ಜೇನು ಹುಳು ಇಂಥದ್ದು ಚೆಂಡಿನ ಹತ್ತಿರ ಇದ್ದು, ಅಲ್ಲಿ ನಿಂತು ಆಡಿದರೆ ಜೀವಕ್ಕೆ ಅಪಾಯ ಅನ್ನುವಾಗ ಫ್ರೀ ರಿಲೀಫ್ (ಪೆನಾಲ್ಟಿ ಇಲ್ಲದೆ ಬೇರೆ ಜಾಗದಿಂದ ಆಡುವ ಅವಕಾಶ) ಸಿಗುತ್ತದೆ, 16.2ನೇ ರೂಲ್. ಆದರೆ ಹಾವು ಇರಬೇಕು. 'ಇರುತ್ತೆ' ಅಂದರೆ ಆಗಲ್ಲ. ಇದ್ದರೂ ನಿಮ್ಮ ಗೆಳೆಯನಿಗೆ ಸಿಗುತ್ತಿರಲಿಲ್ಲ. ಯಾಕೆಂದರೆ ಹಾವಿಲ್ಲದಿದ್ದರೂ ಆ ಲಂಟಾನದೊಳಗಿಂದ ಚೆಂಡು ಹೊಡೆಯಲು ಸಾಧ್ಯವೇ ಇರಲಿಲ್ಲ ಅಂದಮೇಲೆ, ಹಾವು ಅವನಿಗೆ ಅಡ್ಡಿಯಲ್ಲ, ಪೊದೆಯೇ ಅಡ್ಡಿ, ಮತ್ತು ಪೊದೆಗೆ ಬಿಟ್ಟಿ ಡ್ರಾಪ್ ಇಲ್ಲ. ಅವನು 'ಅನ್‌ಪ್ಲೇಯಬಲ್' (ಆಡಲಾಗದ ಚೆಂಡು) ಅಂತ ಒಂದು ಪೆನಾಲ್ಟಿ ತಗೊಂಡು ಮೂರರಲ್ಲಿ ಒಂದು ದಾರಿ ಹಿಡಿಯಬೇಕಿತ್ತು: ಮೊದಲು ಹೊಡೆದ ಜಾಗಕ್ಕೆ ವಾಪಸ್, ಇಲ್ಲವೇ ಬಾವುಟ ಮತ್ತು ಚೆಂಡಿನ ಗೆರೆ ಹಿಡಿದು ಹಿಂದಕ್ಕೆ ಎಷ್ಟು ದೂರ ಬೇಕಾದರೂ, ಇಲ್ಲವೇ ಚೆಂಡಿನಿಂದ ಎರಡು ಕ್ಲಬ್ (ಚೆಂಡು ಹೊಡೆಯುವ ಕೋಲು) ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದ ಹಾಗೆ.

ಬಯಲಲ್ಲಿ ಬಿಲ ಇದ್ದು ಚೆಂಡು ಅದರ ಬಾಯಲ್ಲಿ ಕೂತಿದ್ದರೆ ಮಾತು ಬೇರೆ. ಪ್ರಾಣಿ ತೋಡಿದ ಬಿಲಕ್ಕೆ ಫ್ರೀ ರಿಲೀಫ್ ಇದೆ, ಒಳಗೆ ಇಲಿ ಇದೆಯೋ ಹೆಗ್ಗಣ ಇದೆಯೋ ಕೇಳುವ ಹಾಗಿಲ್ಲ. ದನದ ಗೊರಸಿನ ಗುಳಿ ಬಿಲ ಅಲ್ಲ, ಹಾಗಾಗಿ ಫೇರ್‌ವೇಯಲ್ಲಿ ಅದಕ್ಕೆ ರಿಲೀಫ್ ಇಲ್ಲ. ಹೋಲ್ ಸುತ್ತಲಿನ ಗ್ರೀನ್ ಮೇಲಿದ್ದರೆ ಸರಿಮಾಡಿಕೊಳ್ಳಬಹುದು. ಸೆಗಣಿಯನ್ನು ಎತ್ತಿ ಬಿಸಾಡಬಹುದು, ಪೆನಾಲ್ಟಿ ಇಲ್ಲ, ಚೆಂಡು ಅಲ್ಲಾಡದಿದ್ದರೆ ಸಾಕು.

ಇನ್ನು ನಮ್ಮ ಕಡೆಯ ವಿಶೇಷ ಅಂದರೆ ಹುತ್ತ. ರೂಲ್ಸ್ ಪುಸ್ತಕದಲ್ಲಿ ಇರುವೆ ಗುಡ್ಡೆಯೆಲ್ಲ ಸಡಿಲ ವಸ್ತು, ಅಂದರೆ ಲೂಸ್ ಇಂಪೆಡಿಮೆಂಟ್. ತೆಗೆದು ಪಕ್ಕಕ್ಕೆ ಹಾಕಿ ಆಡಿ ಅನ್ನುತ್ತದೆ. ಸೊಂಟದೆತ್ತರದ ಹುತ್ತವನ್ನು ಯಾರು ತೆಗೆದು ಪಕ್ಕಕ್ಕೆ ಹಾಕುತ್ತಾರೆ? ಹಾರೆ ಬೇಕು. ಇದ್ದರೂ ನಿಮ್ಮ ಕ್ಯಾಡಿ ಮುಟ್ಟಲು ಬಿಡುವುದಿಲ್ಲ, ಅದರ ಮೇಲೆ ಅರಿಸಿನ ಕುಂಕುಮ ಇರುತ್ತೆ. ಇಂಥ ಗಟ್ಟಿ ಹುತ್ತವನ್ನು 'ಗ್ರೌಂಡ್ ಅಂಡರ್ ರಿಪೇರ್' (ದುರಸ್ತಿಯ ಜಾಗ) ಅಂತ ಆ ಆಟಕ್ಕಷ್ಟೇ ಅನ್ವಯಿಸುವ ಲೋಕಲ್ ರೂಲ್‌ನಲ್ಲಿ ಸೇರಿಸಿ ಫ್ರೀ ಡ್ರಾಪ್ ಕೊಡುವ ಅಧಿಕಾರ ಆಟ ನಡೆಸುವ ಕಮಿಟಿಗೆ ಇದೆ. ನೀವೂ ಹಾಗೇ ಮಾಡಿ.

ಕೆಸರಲ್ಲಿ ಹೂತ ಚೆಂಡು ಸುಲಭ. ತಾನು ಬಿದ್ದ ಗುಂಡಿಯಲ್ಲೇ ನೆಲಮಟ್ಟಕ್ಕಿಂತ ಸ್ವಲ್ಪವಾದರೂ ಕೆಳಗಿದ್ದರೆ ಫ್ರೀ ಡ್ರಾಪ್, ಉದ್ದ ಹುಲ್ಲಿನ ರಫ್‌ನಲ್ಲಾದರೂ ಸರಿ. ಮರಳಿನ ಬಂಕರ್‌ನಲ್ಲಿ ಮತ್ತು ಕೆಂಪು, ಹಳದಿ ಗೂಟದೊಳಗೆ ಇಲ್ಲ. ಗುಂಡಿಯ ಹಿಂದಿನ ಜಾಗದಿಂದ ಒಂದು ಕ್ಲಬ್ ಉದ್ದ, ಚೆಂಡು ಒರೆಸಿಕೊಳ್ಳಬಹುದು, ಡ್ರಾಪ್ ಮೊಣಕಾಲಿನ ಎತ್ತರದಿಂದ. ಇನ್ನೂ ಭುಜದ ಎತ್ತರದಿಂದ ಬೀಳಿಸುವವರು ನಿಮ್ಮಲ್ಲಿ ಒಬ್ಬರಾದರೂ ಇರುತ್ತಾರೆ. ಬೆಳಗಿನ ಇಬ್ಬನಿಗೆ ನಿಂತ ನೀರಿನ ರಿಲೀಫ್ ಕೇಳುವವರೂ ಇರುತ್ತಾರೆ. ಇಬ್ಬನಿ ನಿಂತ ನೀರಲ್ಲ.

ಇಷ್ಟೆಲ್ಲ ಓದಿಕೊಂಡು ಹೋದರೂ ಗೊತ್ತಿಲ್ಲದ್ದು ಒಂದು ಬಂದೇ ಬರುತ್ತದೆ. ಆಗ ಫೇರ್‌ವೇಯಲ್ಲಿ ಪಂಚಾಯಿತಿ ಬೇಡ. ಸ್ಟ್ರೋಕ್ ಪ್ಲೇಯಲ್ಲಿ ಇದಕ್ಕೆ ಸೊಗಸಾದ ದಾರಿಯೊಂದಿದೆ, ಆದರೆ ನಮ್ಮಲ್ಲಿ ಹತ್ತರಲ್ಲಿ ಒಬ್ಬರೂ ಬಳಸಿದ್ದು ನಾನು ನೋಡಿಲ್ಲ. ಎರಡು ಚೆಂಡು ಆಡುವುದು. ಅನುಮಾನ ಬಂದ ಮೇಲೆ, ಮುಂದಿನ ಹೊಡೆತಕ್ಕೆ ಮೊದಲು ಜೊತೆಯವರಿಗೆ ಹೇಳಬೇಕು: 'ಎರಡು ಆಡ್ತೀನಿ, ರೂಲ್ ಒಪ್ಪಿದರೆ ಈ ಚೆಂಡು ಲೆಕ್ಕ.' ಎರಡನ್ನೂ ಹೋಲ್ ಮುಗಿಸಬೇಕು, ಎರಡೂ ಸ್ಕೋರ್ ಬರೆದುಕೊಳ್ಳಬೇಕು, ಕಾರ್ಡ್ ಕೊಡುವ ಮೊದಲು ಕಮಿಟಿಗೆ ತಿಳಿಸಬೇಕು. ಎರಡರಲ್ಲೂ ಒಂದೇ ಸ್ಕೋರ್ ಬಂದರೂ ತಿಳಿಸಬೇಕು, ಇದನ್ನು ಮರೆಯುವವರು ಜಾಸ್ತಿ. ನಿಮ್ಮ ನಾಯಿ ಪ್ರಕರಣ ಹೀಗೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಒಂದು ಚೆಂಡು ಅಲ್ಲೇ ಇಟ್ಟು, ಇನ್ನೊಂದು ಭಾವ ಹೇಳಿದ ಹಾಗೆ ಹಿಂದೆ ಹೋಗಿ. ರಾತ್ರಿ ಪುಸ್ತಕ ತೆಗೆದು ನೋಡಿದರೆ ಆಯ್ತು. ಇಬ್ಬರು ಎದುರಾಬದುರಾ ಆಡುವ ಮ್ಯಾಚ್ ಪ್ಲೇಯಲ್ಲಿ ಮಾತ್ರ ಈ ದಾರಿ ಇಲ್ಲ. ಅಲ್ಲಿ ಇಬ್ಬರೂ ಕೂಡಿ ಹೀಗೆ ಅಂತ ಒಪ್ಪಿಕೊಂಡು ಮುಂದೆ ಹೋಗಬಹುದು, ಆದರೆ ಗೊತ್ತಿರುವ ರೂಲನ್ನೇ 'ಬಿಡು ಮಾರಾಯ' ಅಂತ ಇಬ್ಬರೂ ಸೇರಿ ಕೈಬಿಡುವ ಹಾಗಿಲ್ಲ.

ಕಮಿಟಿ ಯಾರು ಅಂತ ಕೇಳುತ್ತೀರಿ. ನೀವೇ. ಎಂಟು ಜನರಲ್ಲಿ ಒಬ್ಬರನ್ನು ಬೆಂಗಳೂರಲ್ಲೇ ಆರಿಸಿ, ಅವರ ಮಾತೇ ಕೊನೆ ಅಂತ ಒಪ್ಪಿಕೊಳ್ಳಿ. ದಯವಿಟ್ಟು ಭಾವ ಬೇಡ, ನೀವೂ ಬೇಡ. ಆ ವ್ಯಕ್ತಿ ಮಾಡಬೇಕಾದ ಮೊದಲ ಕೆಲಸ ಅಂದರೆ ಒಂದು ಹಾಳೆಯಲ್ಲಿ ಲೋಕಲ್ ರೂಲ್ಸ್ ಬರೆದು ಹೊರಡುವ ಹಿಂದಿನ ರಾತ್ರಿ ಎಲ್ಲರಿಗೂ ಕಳಿಸುವುದು, ಮತ್ತು ಎಲ್ಲರೂ ಓದಿದ್ದಾರಾ ಅಂತ ನೋಡುವುದು. ಹಾಳೆ ಓದದೆ ಇರುವುದು ನಮ್ಮ ನಿಮ್ಮ ಕಾಯಿಲೆ ಮಾತ್ರ ಅಲ್ಲ. 2010ರ ಪಿಜಿಎ ಚಾಂಪಿಯನ್‌ಶಿಪ್‌, ವಿಸ್ಲಿಂಗ್ ಸ್ಟ್ರೇಟ್ಸ್ ಮೈದಾನ. ಮರಳಿರುವ ಜಾಗವೆಲ್ಲ, ಜನ ತುಳಿದಾಡಿದ್ದರೂ, ಬಂಕರ್ ಅಂತಲೇ ಲೆಕ್ಕ ಅಂತ ನೋಟಿಸ್ ಹಾಕಿದ್ದರು. ಅಮೆರಿಕದ ಆಟಗಾರ ಡಸ್ಟಿನ್ ಜಾನ್ಸನ್ ಕೊನೆಯ ಹೋಲ್‌ನಲ್ಲಿ ಅಂಥ ಒಂದು ಜಾಗದಲ್ಲಿ, ಇದು ಬಂಕರ್ ಅಂತ ಹೊಳೆಯದೆ, ಕ್ಲಬ್ ನೆಲಕ್ಕೆ ತಾಗಿಸಿದರು. ಬಂಕರ್‌ನಲ್ಲಿ ಹಾಗೆ ಮಾಡುವ ಹಾಗಿಲ್ಲ. ಎರಡು ಪೆನಾಲ್ಟಿ ಬಿತ್ತು, ಪ್ಲೇಆಫ್ ಕೈತಪ್ಪಿತು.

ನಿಮ್ಮ ಹಾಳೆಯಲ್ಲಿ ಏನಿರಬೇಕು? ಹುತ್ತದ ವಿಷಯ ಹೇಳಿದೆ. ಫೇರ್‌ವೇಯಲ್ಲಿ ಚೆಂಡನ್ನು ಒರೆಸಿ ಇಟ್ಟುಕೊಳ್ಳಬಹುದಾ, ಎಷ್ಟು ದೂರದೊಳಗೆ, ಅದು ಬರೆದಿರಲಿ. ಸ್ಕೋರ್‌ಕಾರ್ಡ್ ಉದ್ದ ಅಂತ ಇಟ್ಟರೆ ಸಾಕು. ಎಲ್ಲಕ್ಕಿಂತ ಮುಖ್ಯ, ತೋಟಕ್ಕೆ ಹೋದ ಚೆಂಡು. ಕೊಡಗಿನಲ್ಲಿ ಬಿಳಿ ಗೂಟ ದಾಟಿತು ಅಂದರೆ ಔಟ್ ಆಫ್ ಬೌಂಡ್ಸ್, ಮತ್ತೆ ಟೀಗೆ ನಡೆಯಬೇಕು, ಹಿಂದಿನ ಗುಂಪು ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತದೆ. ಇದಕ್ಕೆ 2019ರಲ್ಲಿ ಒಂದು ಮಾದರಿ ಲೋಕಲ್ ರೂಲ್ ಬಂತು. ಚೆಂಡು ಗಡಿ ದಾಟಿದ ಅಥವಾ ಕಳೆದುಹೋದ ಜಾಗ ಅಂದಾಜು ಮಾಡಿ, ಅದಕ್ಕೆ ಹತ್ತಿರದ ಫೇರ್‌ವೇ ಅಂಚಿಗೆ ಬಂದು, ಹೋಲ್‌ಗೆ ಹತ್ತಿರವಾಗದ ಹಾಗೆ ಡ್ರಾಪ್ ಮಾಡಿ. ಎರಡು ಪೆನಾಲ್ಟಿ. ಟೀಯಿಂದ ಹೊಡೆದದ್ದಾದರೆ ಮುಂದಿನದು ನಾಲ್ಕನೇ ಹೊಡೆತ. ದೊಡ್ಡ ಟೂರ್ನಿಗಳಿಗೆ ಇದು ಬೇಡ ಅನ್ನುತ್ತಾರೆ, ನಿಮ್ಮಂಥವರಿಗೆ ಮಾಡಿಸಿ ಹೊಲಿದ ಹಾಗಿದೆ. ಒಂದೇ ಎಚ್ಚರ: ಪ್ರೊವಿಷನಲ್ ಹೊಡೆದವರಿಗೆ ಈ ಅನುಕೂಲ ಇಲ್ಲ. ಎರಡರಲ್ಲಿ ಒಂದು.

ಆಟದ ಬಗೆ ಸ್ಟೇಬಲ್‌ಫೋರ್ಡ್ ಇರಲಿ. ಹ್ಯಾಂಡಿಕ್ಯಾಪ್ ಕಳೆದು ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತ) ಬಂದರೆ ಎರಡು ಪಾಯಿಂಟ್, ಒಂದು ಹೊಡೆತ ಹೆಚ್ಚಾದ ಬೋಗಿಗೆ ಒಂದು, ಒಂದು ಕಡಿಮೆಯಾದ ಬರ್ಡಿಗೆ ಮೂರು. ಸೊನ್ನೆ ಖಾತ್ರಿ ಆದಮೇಲೆ ಚೆಂಡು ಜೇಬಿಗೆ. ಒಂಬತ್ತನೇ ಹೊಡೆತಕ್ಕೂ ತಲೆ ಕೆರೆದುಕೊಂಡು ನಿಲ್ಲುವವರನ್ನು ಕಾಯುವ ಕೆಲಸ ಇಲ್ಲ. ಹ್ಯಾಂಡಿಕ್ಯಾಪ್ ಇಂಡೆಕ್ಸನ್ನು ಆಯಾ ಮೈದಾನಕ್ಕೆ ಬದಲಿಸಿಕೊಳ್ಳಿ: ಇಂಡೆಕ್ಸನ್ನು ಸ್ಲೋಪ್‌ನಿಂದ (ಕೋರ್ಸ್ ರೇಟಿಂಗ್ ಹಾಗೆ ಇದೂ ಮೈದಾನದ ಕಷ್ಟ ಹೇಳುವ ಅಂಕಿ) ಗುಣಿಸಿ 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗ್‌ನಿಂದ ಪಾರ್ ಕಳೆದದ್ದನ್ನು ಸೇರಿಸಿ. ಉದಾಹರಣೆಗೆ ಇಂಡೆಕ್ಸ್ 18, ಸ್ಲೋಪ್ 125, ರೇಟಿಂಗ್ 69, ಪಾರ್ 70 ಅಂದುಕೊಳ್ಳಿ. 19.9ರಲ್ಲಿ ಒಂದು ಹೋಗಿ 18.9, ಅಂದರೆ 19. ಇದನ್ನೂ ಮನೆಯಲ್ಲೇ ಮಾಡಿಕೊಂಡು ಹೋಗಿ. ಮೊದಲ ಟೀಯಲ್ಲಿ ಮೊಬೈಲ್ ಕ್ಯಾಲ್ಕುಲೇಟರ್ ತೆಗೆದರೆ ಅಲ್ಲೇ ಮೊದಲ ಜಗಳ.

ಈಗ ಪ್ರವಾಸ. ನವೆಂಬರ್ ಒಳ್ಳೆಯದೇ, ಆದರೆ ಎರಡನೇ ವಾರದ ನಂತರ ಇಟ್ಟುಕೊಳ್ಳಿ. ಮೊದಲ ವಾರ ಸಂಜೆ ಮಳೆ ಇನ್ನೂ ಹೋಗಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಾತೇ ಬೇಡ, ಚೆಂಡು ಹುಡುಕಲು ಹೋದವರ ಕಾಲ್ಚೀಲದಲ್ಲಿ ಇಂಬಳ ಸಿಗುತ್ತವೆ. ನವೆಂಬರ್ ಕೊನೆ ಅಥವಾ ಡಿಸೆಂಬರ್ ಶುರುವಿಗೆ ಪುತ್ತರಿ ಹಬ್ಬ ಬರುತ್ತದೆ. ಆ ಎರಡು ದಿನ ಕ್ಯಾಡಿಗಳೂ ಸಿಗುವುದಿಲ್ಲ, ಕ್ಲಬ್ಬಿನ ಅಡುಗೆಯವರೂ ಸಿಗುವುದಿಲ್ಲ ಅಂದುಕೊಂಡೇ ದಿನ ಆರಿಸಿ.

ಮೂರು ದಿನಕ್ಕೆ ಕೊಡಗು ಮತ್ತು ಚಿಕ್ಕಮಗಳೂರು ಎರಡನ್ನೂ ತುರುಕಬೇಡಿ. ನಕ್ಷೆಯಲ್ಲಿ ಪಕ್ಕಪಕ್ಕ ಕಾಣುತ್ತವೆ, ಘಾಟಿ ತಿರುವಿನಲ್ಲಿ ಅರ್ಧ ದಿನ ಹೋಗುತ್ತದೆ. ನನ್ನ ಪ್ರಕಾರ ಹೀಗೆ ಮಾಡಿ. ಮೊದಲ ದಿನ ನಸುಕಿಗೇ ಹೊರಟು ಮೈಸೂರಿನಲ್ಲಿ ಆಡಿ. ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ಚಾಮುಂಡಿ ಬೆಟ್ಟದ ಕೆಳಗೆ, ರೇಸ್‌ಕೋರ್ಸ್ ಜೊತೆಗೇ ಇದೆ, ಹಾಗಾಗಿ ಆ ದಿನ ರೇಸ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಮಧ್ಯಾಹ್ನ ಊಟ ಮುಗಿಸಿ ವಿರಾಜಪೇಟೆ ಕಡೆ. ಎರಡನೇ ದಿನ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, ಇಡೀ ದಿನ ಅದಕ್ಕೇ ಬಿಡಿ. ಮೂರನೇ ದಿನ ಮಡಿಕೇರಿಯಲ್ಲಿ ಮರ್ಕೆರಾ ಡೌನ್ಸ್, ಒಂಬತ್ತು ಹೋಲ್ ಆಡಿ ಹೊರಡಿ. ಹದಿನೆಂಟೂ ಆಡಿ ಸಂಜೆ ಹೊರಟರೆ ಬೆಂಗಳೂರು ಸೇರುವಾಗ ನಡುರಾತ್ರಿ, ಡ್ರೈವರ್‌ಗೂ ನಿದ್ದೆ. ಮಡಿಕೇರಿಯಲ್ಲಿ ಬೆಳಗ್ಗೆ ಆರೂವರೆಗೆ ಟೀ ಟೈಮ್ ಕೇಳಬೇಡಿ, ಮಂಜಿನಲ್ಲಿ ನೂರು ಗಜ ಮುಂದೆ ಏನೂ ಕಾಣುವುದಿಲ್ಲ. ಎಂಟು ಗಂಟೆ ಸರಿ. ನಾಲ್ಕು ಜನರ ಗುಂಪಿಗೆ ಏರುತಗ್ಗಿನ ಮೈದಾನದಲ್ಲಿ ಐದು ಗಂಟೆ ಹಿಡಿಯುತ್ತದೆ, ನವೆಂಬರ್‌ನಲ್ಲಿ ಆರಕ್ಕೆಲ್ಲ ಕತ್ತಲು.

ಎತ್ತರದಿಂದ ಚೆಂಡು ದೂರ ಹೋಗುತ್ತೆ ಅನ್ನುವ ಲೆಕ್ಕ ಇಲ್ಲಿ ಮರೆತುಬಿಡಿ. ಬೆಂಗಳೂರು ಸುಮಾರು 920 ಮೀಟರ್, ಮಡಿಕೇರಿ 1,150ರ ಆಸುಪಾಸು. ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 2,200 ಮೀಟರ್ ದಾಟಿದ ಊಟಿಗೆ ಹೋದಾಗ ಕ್ಲಬ್ ಬದಲಿಸುವ ಯೋಚನೆ ಮಾಡಿ. ಕೊಡಗಿನಲ್ಲಿ ನಿಮ್ಮನ್ನು ಕೆಡಿಸುವುದು ಇಳಿಜಾರು.

ಫೋನ್ ಮಾಡದೆ ಹೋಗಬೇಡಿ, ಇದನ್ನು ನನ್ನ ಅನುಭವದಿಂದ ಹೇಳುತ್ತಿದ್ದೇನೆ. ಬಹಳ ವರ್ಷದ ಹಿಂದೆ ನಾವು ಆರು ಜನ ಒಂದು ಗುಡ್ಡದೂರಿನ ಕ್ಲಬ್ಬಿಗೆ ಸುಮ್ನೆ ಹೋಗಿಬಿಟ್ಟೆವು. ಅವತ್ತು ಅವರ ಕ್ಲಬ್ ಚಾಂಪಿಯನ್‌ಶಿಪ್. ಸೆಕ್ರೆಟರಿ ಬಹಳ ಮರ್ಯಾದೆಯಿಂದ ಟೀ ಕುಡಿಸಿ, ಬಿಸ್ಕತ್ತು ಕೊಟ್ಟು, ವಾಪಸ್ ಕಳಿಸಿದರು. ಕಾಲರ್ ಇಲ್ಲದ ಟೀ ಶರ್ಟ್ ಹಾಕಿದ್ದ ನಮ್ಮವನೊಬ್ಬನಿಗೆ ಆ ಟೀಯೂ ವರಾಂಡದಲ್ಲೇ. ಈಗ ನಾನು ಒಂದು ತಿಂಗಳು ಮೊದಲೇ ಕೇಳುವುದು ಇಷ್ಟು: ಆ ವಾರ ಟೂರ್ನಿ ಇದೆಯಾ, ಹೊರಗಿನವರಿಗೆ ಯಾವ ದಿನ ಅವಕಾಶ, ಯಾವ ದಿನ ಮೈದಾನಕ್ಕೆ ರಜೆ (ಬಹಳ ಕಡೆ ಸೋಮವಾರ), ಎಂಟು ಕ್ಯಾಡಿ ಸಿಗುತ್ತಾರಾ, ನಮ್ಮ ಕ್ಲಬ್ಬಿಗೂ ಅವರಿಗೂ ಒಪ್ಪಂದ ಇದೆಯಾ. ಇದ್ದರೆ ನಿಮ್ಮ ಸೆಕ್ರೆಟರಿಯಿಂದ ಪರಿಚಯ ಪತ್ರ ತಗೊಂಡು ಹೋಗಿ, ಫೀಸಿನಲ್ಲೂ ವ್ಯತ್ಯಾಸ ಆಗಬಹುದು.

ಕ್ಯಾಡಿಗೆ ಕೊಡುವ ದುಡ್ಡನ್ನು ಮೊದಲೇ ಮಾತಾಡಿ, ಚಿಲ್ಲರೆ ನೋಟು ಇಟ್ಟುಕೊಳ್ಳಿ. ಅಲ್ಲಿನ ಕ್ಯಾಡಿ 'ಎಡಕ್ಕೆ ಹೊಡೀರಿ ಸಾರ್' ಅಂದರೆ ಎಡಕ್ಕೇ ಹೊಡೆಯಿರಿ, ಅವರಿಗೆ ಆ ಇಳಿಜಾರು ಮನೆ ಅಂಗಳ ಇದ್ದ ಹಾಗೆ. ಆದರೆ ನೀವು ಹೊಡೆಯಲು ನಿಂತಾಗ ಅವರು ನಿಮ್ಮ ಬೆನ್ನ ಹಿಂದೆ ಚೆಂಡಿನ ಗೆರೆಯಲ್ಲಿ ನಿಂತು ಗುರಿ ನೋಡಿ ಹೇಳುವುದು 2019ರಿಂದ ನಿಷಿದ್ಧ, ಪೆನಾಲ್ಟಿ ನಿಮಗೇ.

ಗಾಡಿ ವಿಷಯ ಯಾರೂ ಯೋಚಿಸುವುದಿಲ್ಲ. ಎಂಟು ಜನ, ಎಂಟು ಗಾಲ್ಫ್ ಬ್ಯಾಗ್, ಎಂಟು ಸೂಟ್‌ಕೇಸ್. ಎರಡು ಇನ್ನೋವಾದಲ್ಲಿ ಹಿಡಿಸುವುದಿಲ್ಲ, ನಾನು ಪ್ರಯತ್ನ ಮಾಡಿ ನೋಡಿದ್ದೇನೆ. ಕೊನೆಗೆ ಒಬ್ಬರ ತೊಡೆ ಮೇಲೆ ಬ್ಯಾಗ್ ಬರುತ್ತದೆ. ಹನ್ನೆರಡು ಸೀಟಿನ ಟಿಟಿ ಮಾಡಿ, ಹಿಂದಿನ ಸಾಲು ಬ್ಯಾಗುಗಳಿಗೆ. ಡ್ರೈವರ್ ಕ್ಲಬ್ ಮತ್ತು ಉದ್ದದ ವುಡ್ ಕ್ಲಬ್‌ಗಳನ್ನು ಹೊರಗೆ ತೆಗೆದು ಟವೆಲ್ ಸುತ್ತಿ ಮೇಲೆ ಮಲಗಿಸಿ, ಘಾಟಿಯಲ್ಲಿ ಬ್ಯಾಗ್ ಬ್ಯಾಗಿಗೆ ಗುದ್ದಿ ಶಾಫ್ಟ್ ಮುರಿದದ್ದನ್ನು ನೋಡಿದ್ದೇನೆ. ವಾಪಸ್ ತುಂಬುವಾಗ ಎಣಿಸಿ. ಗೆಳೆಯನ ವೆಜ್ ಕ್ಲಬ್ ನಿಮ್ಮ ಬ್ಯಾಗಿಗೆ ಸೇರಿ, ಹದಿನಾಲ್ಕರ ಮಿತಿ ದಾಟಿ ಹದಿನೈದಾಯಿತು ಅಂದರೆ, ಆಡಿದ ಪ್ರತಿ ಹೋಲ್‌ಗೆ ಎರಡರಂತೆ ನಾಲ್ಕರವರೆಗೆ ಪೆನಾಲ್ಟಿ.

ಚೆಂಡು ತಲೆಗೆ ಒಂದು ಡಜನ್, ಹಳೆಯವೇ ಇರಲಿ, ಕಾಫಿ ತೋಟಕ್ಕೆ ಹೊಸ ಚೆಂಡಿನ ಬೆಲೆ ಗೊತ್ತಿಲ್ಲ. ಪ್ರತಿಯೊಂದರ ಮೇಲೂ ಸ್ಕೆಚ್ ಪೆನ್‌ನಲ್ಲಿ ಗುರುತು ಹಾಕಿ, ಒಬ್ಬೊಬ್ಬರದು ಒಂದೊಂದು ಬಣ್ಣ. ತೋಟದ ಅಂಚಿನಲ್ಲಿ ಒಂದೇ ಕಂಪನಿಯ, ಒಂದೇ ನಂಬರಿನ ಎರಡು ಚೆಂಡು ಸಿಕ್ಕಿ ಯಾವುದು ಯಾರದ್ದು ಅಂತ ಹೇಳಲಾಗದಿದ್ದರೆ ಎರಡೂ ಲಾಸ್ಟ್ ಬಾಲ್.

ಇನ್ನು ಗುಂಪು ಮಾಡುವುದು. ಮೊದಲ ದಿನ ಭಾವನನ್ನು ಇನ್ನೊಂದು ಗುಂಪಿಗೆ ಹಾಕಿ. ಎರಡನೇ ದಿನ ಒಟ್ಟಿಗೆ ಆಡಿ, ಅಷ್ಟರಲ್ಲಿ ಮೊದಲ ರಾತ್ರಿ ಪಂದಿ ಕರಿ, ಕಡಂಬುಟ್ಟು ಆಗಿರುತ್ತದೆ. ಆಗ ಬೇಕಾದರೆ ನಿಮ್ಮ ಡ್ರಾಪ್ ಕೂಡ ತಪ್ಪಿತ್ತು ಅಂತ ಹೇಳಿಬಿಡಿ.